ಅಖಾಡದ ಲೆಕ್ಕ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಬಯಲು ಜಂಗಿ ಕುಸ್ತಿಗೆ ಅಂಕಗಳ ಗೊಡವೆಯಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ 'ಚಿತ್'. ಯಾರೂ ಚಿತ್ ಆಗದಿದ್ದರೆ ಸಮವೆಂದು ಜೋಡಿಯನ್ನು ಬಿಡಿಸುತ್ತಾರೆ. ಬಹಳ ಹೊತ್ತು ಸೆಣಸಿ ಕೊನೆಗೆ ಜಾರಿ ಬಿದ್ದವನೂ, ಕೈ ಕೂಡಿಸಿದ ಕೂಡಲೇ ಬಿದ್ದವನೂ ಇಲ್ಲಿ ಒಂದೇ, ಇಬ್ಬರೂ ಸೋತವರು. ಗೆದ್ದವನ ಕೈಯ ಬೆಳ್ಳಿ ಕಡಗವೇ ದಾಖಲೆ.

ಒಂದು ಕಾಲಕ್ಕೆ ಒಲಿಂಪಿಕ್ಸ್‌ನಲ್ಲೂ ಹೆಚ್ಚುಕಡಿಮೆ ಇದೇ ಪರಿಸ್ಥಿತಿ ಇತ್ತು. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಮಾರ್ಟಿನ್ ಕ್ಲೈನ್ ಮತ್ತು ಆಲ್ಫ್ರೆಡ್ ಅಸಿಕೈನೆನ್ ಹನ್ನೊಂದು ತಾಸಿಗೂ ಹೆಚ್ಚು ಕಾಲ ಸೆಣಸಿದರು. ಗೆದ್ದ ಕ್ಲೈನ್ ಎಷ್ಟು ದಣಿದಿದ್ದನೆಂದರೆ, ಮುಂದಿನ ಪಂದ್ಯಕ್ಕೆ ಇಳಿಯಲೇ ಇಲ್ಲ. ಅದೇ ಕೂಟದ ಇನ್ನೊಂದು ಜೋಡಿ ಒಂಬತ್ತು ತಾಸು ಹೋರಾಡಿಯೂ ತೀರ್ಮಾನವಾಗದೆ, ಇಬ್ಬರಿಗೂ ಬೆಳ್ಳಿ ಪದಕ ಕೊಟ್ಟು ಕಳಿಸಬೇಕಾಯಿತು. ಚಿತ್ ಒಂದನ್ನೇ ನಂಬಿದರೆ ಸಾಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾಲಮಿತಿ ಬಂತು, ಅಂಕಗಳೂ ಬಂದವು. ಈಗಿನ ಮ್ಯಾಟ್ ಕುಸ್ತಿಯಲ್ಲಿ ಮೂರು ಮೂರು ನಿಮಿಷಗಳ ಎರಡು ಅವಧಿ. ಎದುರಾಳಿಯನ್ನು ಗೆರೆಯಾಚೆ ತಳ್ಳಿದರೆ 1 ಅಂಕ, ಹಿಡಿದು ನೆಲಕ್ಕೆ ಕೆಡವಿದರೆ 2, ನಿಂತಲ್ಲಿಂದ ಎತ್ತಿ ಬೆನ್ನು ಕೆಳಗಾಗುವಂತೆ ಎಸೆದರೆ 4, ಅದೇ ಪಟ್ಟು ಎತ್ತರದ ಕಮಾನಿನಂತೆ ಬಂದರೆ 5. ಫ್ರೀಸ್ಟೈಲ್‌ನಲ್ಲಿ 10 ಅಂಕ ಮುಂದಾದರೆ ಕುಸ್ತಿ ಅಲ್ಲಿಗೇ ಮುಗಿಯಿತು. ಮೊತ್ತವನ್ನಷ್ಟೇ ಬರೆದರೆ ಆಗದು, ಅಂಕ ಬಂದ ಕ್ರಮವನ್ನೂ ಬರೆಯಬೇಕು. ಮೊತ್ತ ಸಮವಾದಾಗ ಮೊದಲು ದೊಡ್ಡ ಪಟ್ಟು ಯಾರದೆಂದು ನೋಡುತ್ತಾರೆ, ಆಮೇಲೆ ಎಚ್ಚರಿಕೆ ಪಡೆದದ್ದು ಯಾರಿಗೆ ಕಡಿಮೆ ಎಂದು. ಅಲ್ಲೂ ಸಮವಾದರೆ ಕೊನೆಯ ಅಂಕ ಗಳಿಸಿದವನೇ ಗೆದ್ದವನು. ಕೆಂಪು, ನೀಲಿ ಸಾಲುಗಳ ಆ ಹಾಳೆಯಲ್ಲಿ 4-6 ಎಂದು ಸೋತವನ ನಾಲ್ಕು ಅಂಕವೂ ಉಳಿಯುತ್ತದೆ.

ಮಣ್ಣಿನ ಕುಸ್ತಿಯ ರಭಸ ಮ್ಯಾಟಿನಲ್ಲಿಲ್ಲ ಎನ್ನುವವರ ಮಾತು ಸುಳ್ಳಲ್ಲ. ಆದರೂ ಪಕ್ಕದ ಹರಿಹರಕ್ಕೆ ಹೋಗಿ ನೋಡಿ. ಹರಿಹರೇಶ್ವರ ದೇಗುಲವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ದಂಡನಾಯಕ ಪೋಲಾಳ್ವ ಎಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ. ಎಂಟು ನೂರು ವರ್ಷದ ಹಿಂದಿನ ಮಾತು ಕಲ್ಲಿನಲ್ಲಿದೆ, ಮೂವತ್ತು ವರ್ಷದ ಹಿಂದಿನ ಜಾತ್ರೆಯಲ್ಲಿ ಯಾರು ಯಾವ ಪಟ್ಟಿನಿಂದ ಬಿದ್ದರೆಂಬುದು ಗರಡಿಯ ಹಿರಿಯರ ನೆನಪಿನಲ್ಲಿದೆ. ಜಾತ್ರೆಗೊಂದು ನೋಟ್ ಪುಸ್ತಕ ಸಾಕು: ಇಬ್ಬರ ಹೆಸರು, ಊರು, ಹಿಡಿದ ಹೊತ್ತು, ಕೆಡವಿದ ಪಟ್ಟು. ಸಮವಾದ ಜೋಡಿಗಳಿಗೂ ಒಂದೊಂದು ಸಾಲು.