ಕಬ್ಬಿಣದ ಮೈಯಿಲ್ಲದ ಕಾರು: ಬೆಂಗಳೂರಿನ ಡಾಲ್ಫಿನ್ ಕಥೆ



ಭದ್ರಾವತಿ ಎಂದೊಡನೆ ನೆನಪಾಗುವುದು ಕಬ್ಬಿಣ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕರಗಿಸಿ 1923ರಲ್ಲಿ ಇಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ವರ್ಷದಿಂದ 1929ರವರೆಗೆ ಕಾರ್ಖಾನೆಯ ಆಡಳಿತವನ್ನು ನಡೆಸಿ, ಅದನ್ನು ನಷ್ಟದಿಂದ ಮೇಲೆತ್ತಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಇದು ನಮ್ಮ ಜಿಲ್ಲೆಯ ಮಕ್ಕಳೆಲ್ಲರೂ ಬಲ್ಲ ಸಂಗತಿ. ಆದರೆ ಭದ್ರಾವತಿಯ ಬಳಿಕ ಅವರ ಮನಸ್ಸು ಮೋಟಾರು ಕಾರಿನತ್ತ ಹೊರಳಿತ್ತೆಂಬುದನ್ನು ಬಲ್ಲವರು ಕಡಿಮೆ.

1935ರಲ್ಲಿ ಅವರು ಯುರೋಪು ಮತ್ತು ಅಮೆರಿಕಗಳಲ್ಲಿ ಪ್ರವಾಸ ಮಾಡಿ ಕಾರು ಕಾರ್ಖಾನೆಗಳನ್ನು ಅಭ್ಯಸಿಸಿ ಬಂದರು. ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆಯಾಯಿತು. ಮೈಸೂರು ಸರ್ಕಾರವೂ ನೆರವಿಗೆ ಮುಂದಾಯಿತು. ಆದರೆ ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ಬೆಂಗಳೂರಿಗೆ ದೊರೆತದ್ದು ವಿಮಾನ ಕಾರ್ಖಾನೆ. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿತು.

ಮೈಸೂರಿನ ನೆಲದ ಕಾರು ಹೀಗೆ ಕೈತಪ್ಪಿತು. ಮೂರು ದಶಕಗಳ ನಂತರ ಬೆಂಗಳೂರಿನಲ್ಲಿ ಅದು ಹುಟ್ಟಿದ್ದು ಮಹಾ ಕಾರ್ಖಾನೆಯೊಂದರಲ್ಲಿ ಅಲ್ಲ. ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ. 1970ರ ದಶಕದಲ್ಲಿ ಸನ್‌ರೈಸ್ ಎಂಬ ಹೆಸರಿನಿಂದ ಆರಂಭವಾಗಿ, ಮುಂದೆ ಸಿಪಾನಿ ಆಟೊಮೊಬೈಲ್ಸ್ ಎನಿಸಿಕೊಂಡ ಸಂಸ್ಥೆ ಅದು. ಅದರ ಮೊದಲ ವಾಹನ ‘ಬಾದಲ್’. ಮೂರು ಚಕ್ರ, ಹಿಂಬದಿಯಲ್ಲಿ ಪುಟ್ಟ ಎಂಜಿನ್, ಮೈಯೆಲ್ಲ ಫೈಬರ್. ಹೆಸರಿನ ಅರ್ಥ ಮೋಡ. ಹಗುರಕ್ಕೆ ತಕ್ಕ ಹೆಸರೇ. ಅನಂತರ ನಾಲ್ಕು ಚಕ್ರದ ಬಾದಲ್ ಬಂದಿತು. 1982ರಲ್ಲಿ ಬಂದದ್ದು ‘ಡಾಲ್ಫಿನ್’.

ಡಾಲ್ಫಿನ್‌ನ ಮೂಲ ಇಂಗ್ಲೆಂಡಿನದು. ಅಲ್ಲಿನ ಟ್ಯಾಮ್‌ವರ್ತ್ ಪಟ್ಟಣದಲ್ಲಿ 1935ರಲ್ಲಿ ಸ್ಥಾಪಿತವಾದ ರಿಲಯಂಟ್ ಕಂಪನಿ ಮೂರು ಚಕ್ರದ ವಾಹನಗಳಿಗೆ ಹೆಸರಾಗಿತ್ತು. ಅದು 1975ರಲ್ಲಿ ಹೊರತಂದ ‘ಕಿಟನ್’ ಎಂಬ ನಾಲ್ಕು ಚಕ್ರದ ಕಾರೇ ನಮ್ಮ ಡಾಲ್ಫಿನ್‌ನ ತಾಯಿ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಉಕ್ಕಿನ ಚಾಸಿಸ್, ಅದರ ಮೇಲೆ ಫೈಬರ್ ಮೈ, ಎರಡು ಬಾಗಿಲು, ತೂಕ ಅರ್ಧ ಟನ್ನಿನ ಆಸುಪಾಸು. ಬ್ರಿಟನ್ನಿನಲ್ಲಿ ಇಂಥ ಸಣ್ಣ ತಯಾರಕರ ದೊಡ್ಡ ಪರಂಪರೆಯೇ ಇತ್ತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳುವ ‘ಕಿಟ್ ಕಾರು’ಗಳಿಗೆ ಪೂರ್ಣ ಕಾರಿನ ಮೇಲಿನ ಖರೀದಿ ತೆರಿಗೆ ತಗಲುತ್ತಿರಲಿಲ್ಲ, 1973ರಲ್ಲಿ ಆ ತೆರಿಗೆಪದ್ಧತಿಯೇ ಬದಲಾಗುವವರೆಗೆ ಈ ಅನುಕೂಲ ನಡೆಯಿತು. ರಿಲಯಂಟ್ ಇದೇ ಉಪಾಯವನ್ನು ದೇಶಗಳಿಗೆ ಅನ್ವಯಿಸಿತು ಎನ್ನಬಹುದು. ಸ್ವಂತ ಕಾರು ಬೇಕೆಂದ ಇಸ್ರೇಲ್, ಟರ್ಕಿಗಳಿಗೂ ಅದು ಫೈಬರ್ ಕಾರಿನ ವಿನ್ಯಾಸಗಳನ್ನು ಒದಗಿಸಿತು. 1966ರಲ್ಲಿ ಹೊರಬಂದ ಟರ್ಕಿಯ ‘ಅನಾದೋಲ್’ ಇದರ ಫಲ.

ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ತರಗತಿಯಲ್ಲಿ ಈ ಕಾರಿನ ಪ್ರಸ್ತಾಪ ಬಂದಿತು. ಕಾರ್ಖಾನೆಯ ಕಾರ್ಮಿಕರ ಮಗನೊಬ್ಬ ಎದ್ದು ನಿಂತು, “ಕಬ್ಬಿಣ ಇರೋವಾಗ ಫೈಬರ್ ಯಾಕೆ ಸಾರ್?” ಎಂದು ಕೇಳಿದ. ಕಬ್ಬಿಣದ ಊರಿನ ಹುಡುಗ ಕೇಳಲೇಬೇಕಾದ ಪ್ರಶ್ನೆ. ಡಾಲ್ಫಿನ್‌ನ ಹುಟ್ಟು ಸಾವುಗಳೆರಡೂ ಈ ಪ್ರಶ್ನೆಯಲ್ಲಿಯೇ ಅಡಗಿವೆ.

ಕಬ್ಬಿಣದ ತಗಡನ್ನು ಕಾರಿನ ಆಕಾರಕ್ಕೆ ಒತ್ತಲು ಭಾರಿ ಪ್ರೆಸ್ ಯಂತ್ರಗಳೂ ಉಕ್ಕಿನ ಅಚ್ಚುಗಳೂ ಬೇಕು. ಅವುಗಳಿಗೆ ಕೋಟ್ಯಂತರ ರೂಪಾಯಿಗಳ ಬಂಡವಾಳ. ಫೈಬರಿಗೆ ಅದಾವುದೂ ಬೇಡ. ಅಗ್ಗದ ಅಚ್ಚಿನೊಳಗೆ ಗಾಜಿನ ನಾರಿನ ಹಾಸುಗಳನ್ನು ಹರಡಿ, ರಾಳ ಸವರಿ, ಗಟ್ಟಿಯಾದ ಮೇಲೆ ಬಿಡಿಸಿಕೊಂಡರೆ ಮೈ ಸಿದ್ಧ. ನಮ್ಮ ಮಲೆನಾಡಿನ ಮಳೆಗೂ ಅದು ತುಕ್ಕು ಹಿಡಿಯದು. ಆದರೆ ಇದೆಲ್ಲ ಕೈಕೆಲಸ. ಒಂದೊಂದು ಮೈ ಗಟ್ಟಿಯಾಗಲೂ ಕಾಯಬೇಕು. ಪ್ರೆಸ್ ಯಂತ್ರವಾದರೋ ಕ್ಷಣಾರ್ಧದಲ್ಲಿ ಒಂದು ತಗಡನ್ನು ಒತ್ತಿಬಿಡುತ್ತದೆ. ಕೆಲವು ನೂರು ಕಾರುಗಳಿಗೆ ಫೈಬರ್ ಅಗ್ಗ. ಲಕ್ಷ ಕಾರುಗಳಿಗೆ ಕಬ್ಬಿಣವೇ ಅಗ್ಗ.

ಆ ಲಕ್ಷದ ಲೆಕ್ಕ ಬಂದೇಬಿಟ್ಟಿತು. ಕೇಂದ್ರ ಸರ್ಕಾರ ಜಪಾನಿನ ಸುಜುಕಿಯೊಡನೆ ಸೇರಿ ಆರಂಭಿಸಿದ ಮಾರುತಿ, 1983ರ ಡಿಸೆಂಬರಿನಲ್ಲಿ ತನ್ನ 796 ಸಿಸಿಯ ಕಾರನ್ನು ಬಿಡುಗಡೆ ಮಾಡಿತು. ಡಾಲ್ಫಿನ್ ಎಂಜಿನ್ ಅದಕ್ಕಿಂತ ಕೊಂಚ ದೊಡ್ಡದೇ. ಹಗುರವಾದ ಮೈಯಿಂದಾಗಿ ಮದರಾಸಿನ ಬಳಿಯ ಷೋಲಾವರಂ ಪಂದ್ಯಗಳಲ್ಲಿ ಡಾಲ್ಫಿನ್ ಹೆಸರನ್ನೂ ಗಳಿಸಿತು. ಆದರೆ ಸಂಸಾರಸ್ಥರಿಗೆ ಬೇಕಾದದ್ದು ಓಟದ ಪದಕವಲ್ಲ; ಸೀರೆಯುಟ್ಟ ಅಜ್ಜಿ ಸಲೀಸಾಗಿ ಹತ್ತಬಲ್ಲ ಹಿಂಬಾಗಿಲು. ಸಿಪಾನಿ ಹಿಂಬಾಗಿಲುಗಳಿದ್ದ ‘ಮೊಂಟಾನಾ’ವನ್ನು ತಂದಿತು, ಡೀಸೆಲ್ ಎಂಜಿನನ್ನೂ ಕೂರಿಸಿತು. 1990ರ ದಶಕದಲ್ಲಿ ಬ್ರಿಟನ್ನಿನದೇ ಆದ ‘ಮೊಂಟೆಗೊ’ ಎಂಬ ದೊಡ್ಡ ಕಾರಿಗೂ ಕೈಹಾಕಿತು. ಯಾವುದೂ ಕೈಹಿಡಿಯಲಿಲ್ಲ, ಆ ದಶಕದಲ್ಲಿಯೇ ಕಾರು ತಯಾರಿಕೆ ನಿಂತಿತು.

ಇದನ್ನು ಸೋಲೆಂದು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಾಗದು. 2001ರಲ್ಲಿ ಬೆಂಗಳೂರಿನಿಂದಲೇ ‘ರೇವಾ’ ಎಂಬ ವಿದ್ಯುತ್ ಕಾರು ಹೊರಬಂದಿತು. ಉಕ್ಕಿನ ಚೌಕಟ್ಟು, ಪ್ಲಾಸ್ಟಿಕ್ ಹೊದಿಕೆ. ಅದೇ ಸಣ್ಣ ತಯಾರಕರ ವಿದ್ಯೆ. 2004ರಿಂದ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲಿ ಓಡಿತು. ಟ್ಯಾಮ್‌ವರ್ತಿನಿಂದ ಬೆಂಗಳೂರಿಗೆ ಬಂದ ದಾರಿಯಲ್ಲಿ ಬೆಂಗಳೂರಿನ ಕಾರು ಹಿಂದಿರುಗಿ ಹೋದಂತಾಯಿತು. 2010ರಲ್ಲಿ ರೇವಾ ಮಹೀಂದ್ರ ಸಂಸ್ಥೆಯ ಪಾಲಾಯಿತು. ಶಿವಮೊಗ್ಗ–ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳಲ್ಲಿ ವಾಹನಗಳ ಬಿಡಿಭಾಗಗಳು ತಯಾರಾಗುತ್ತವೆ. ದೊಡ್ಡ ಕಂಪನಿಗಳ ಹೆಸರು ಹೊತ್ತ ಕಾರಿನೊಳಗೂ ಸಣ್ಣ ಊರುಗಳ ದುಡಿಮೆಯಿದೆಯೆಂಬುದನ್ನು ನಾವು ಮರೆಯಬಾರದು.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಬಂಧುಗಳ ಮನೆಯ ಕೊಟ್ಟಿಗೆಯಲ್ಲಿ ಹಳೆಯ ಬಾದಲ್ ಅಥವಾ ಡಾಲ್ಫಿನ್ ಧೂಳು ಹಿಡಿದು ನಿಂತಿದ್ದರೆ ಗುಜರಿಗೆ ಹಾಕಬೇಡಿ. ಗುಜರಿಯವನು ಬೆಲೆ ಕಟ್ಟುವುದು ಕಬ್ಬಿಣದ ತೂಕಕ್ಕೆ; ಫೈಬರಿಗೆ ಅವನ ತಕ್ಕಡಿಯಲ್ಲಿ ಬೆಲೆಯಿಲ್ಲ. ಒರೆಸಿ ನೋಡಿ, ಮೈ ಇನ್ನೂ ತುಕ್ಕು ಹಿಡಿದಿರುವುದಿಲ್ಲ.