ಅಶಕ್ತತಾ ನಿವೃತ್ತಿ ವೇತನ ಮತ್ತು ಆದಾಯ ತೆರಿಗೆ

ದೇಹ ಅಥವಾ ಮನಸ್ಸಿನ ಬೇನೆಯಿಂದ ಇನ್ನು ಕೆಲಸ ಸಾಗದೆಂದು ವೈದ್ಯರು ದೃಢೀಕರಿಸಿದ ಸರ್ಕಾರಿ ನೌಕರರಿಗೆ ಸಲ್ಲುವ ಪಿಂಚಣಿ. ರಾಜ್ಯ ನೌಕರರಿಗೆ ಇದು ಕರ್ನಾಟಕ ಸಿವಿಲ್ ಸೇವಾ ನಿಯಮಾವಳಿಯಂತೆ ಸಿಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಿನಲ್ಲಿ ಗಸ್ತು ತಿರುಗುವ ಫಾರೆಸ್ಟ್ ಗಾರ್ಡ್‌ಗೆ ಕಾಲು ಹೋದರೆ ಹುದ್ದೆಯ ಕೆಲಸವೇ ಹೋದಂತೆ. ಹಾಗೆಂದು ಮನೆಗೆ ಕಳಿಸುವಂತಿಲ್ಲ: ಸೇವೆಯಲ್ಲಿದ್ದಾಗ ಅಂಗವಿಕಲರಾದವರಿಗೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ.

ಈ ಪಿಂಚಣಿಗೆ ತೆರಿಗೆಯೇ ಇಲ್ಲ ಎಂಬ ನಂಬಿಕೆಗೆ ಮೂಲ ಸೈನಿಕರಿಗಿರುವ ವಿನಾಯಿತಿ. ಅದು ಸಿವಿಲ್ ನೌಕರರಿಗೆ ಅನ್ವಯಿಸದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅವರ ತಿಂಗಳ ಪಿಂಚಣಿ ಯಾವ ಕಾರಣಕ್ಕೆ ಬಂದರೂ ಸಂಬಳದ ಆದಾಯವೇ. ಪೂರ್ತಿ ವಿನಾಯಿತಿ ಇರುವುದು ಗ್ರಾಚ್ಯುಟಿಗೆ ಮತ್ತು ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆಯುವ ಕಮ್ಯುಟೇಷನ್ ಮೊತ್ತಕ್ಕೆ.

ಸೆಕ್ಷನ್ 80ಯು ಕನಿಷ್ಠ ಶೇ. 40ರ ವೈಕಲ್ಯಕ್ಕೆ 75,000 ರೂಪಾಯಿ, ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಕೊಡುತ್ತದೆ. ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಎಡವುವುದು ಇಲ್ಲೇ. ನಿವೃತ್ತಿಗೆ ಕೊಟ್ಟ ವೈದ್ಯಕೀಯ ವರದಿ ಬೇರೆ, ವೈಕಲ್ಯದ ಪ್ರಮಾಣಪತ್ರ ಬೇರೆ. ಹೃದ್ರೋಗದಿಂದ ನೌಕರಿ ಬಿಟ್ಟವರಿಗೆ ಪಿಂಚಣಿ ಸಿಕ್ಕೀತು, 80ಯು ಸಿಗದು. 80ಯು ಒಪ್ಪುವ ವೈಕಲ್ಯಗಳ ಪಟ್ಟಿಯಲ್ಲಿ ಹೃದ್ರೋಗವಿಲ್ಲ.

ಆದರೂ ಈಗ 80ಯುಗಾಗಿ ಹಳೆ ಪದ್ಧತಿಗೆ ಅಂಟಿಕೊಳ್ಳುವುದು ಹಲವು ಪಿಂಚಣಿದಾರರಿಗೆ ನಷ್ಟದ ಬಾಬತ್ತು. ತಿಂಗಳಿಗೆ 70,000 ರೂಪಾಯಿ ಪಿಂಚಣಿಯಿರುವ, 60 ವರ್ಷ ತುಂಬದ, ತೀವ್ರ ವೈಕಲ್ಯದ ವ್ಯಕ್ತಿಯ ವಾರ್ಷಿಕ ಆದಾಯ 8.4 ಲಕ್ಷ. ಹಳೆ ಪದ್ಧತಿಯಲ್ಲಿ 50,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್, 80ಯು ಎರಡನ್ನೂ ಕಳೆದ ಮೇಲೂ, ಬೇರೆ ಉಳಿತಾಯ ತೋರಿಸದಿದ್ದರೆ, ಸೆಸ್ ಸೇರಿ 47,320 ರೂಪಾಯಿ ತೆರಿಗೆ. 2025-26ರ ಆದಾಯಕ್ಕೆ ಹೊಸ ಪದ್ಧತಿ ಹಿಡಿದರೆ ಸೊನ್ನೆ: ಅಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷದವರೆಗೆ ರಿಬೇಟ್ ಇದೆ.

ಪಿಂಚಣಿಯ ಕಡತ ತಾಲೂಕು ಕಚೇರಿಯಿಂದ ಬೆಂಗಳೂರಿನ ಮಹಾಲೇಖಪಾಲರವರೆಗೆ ಹೋಗಿಬರಲು ತಡವಾದರೆ ಬಾಕಿಯೆಲ್ಲ ಒಂದೇ ವರ್ಷಕ್ಕೆ ಬಂದು ಬೀಳುತ್ತದೆ. ಅದರ ಹೊರೆ ಇಳಿಸಲು ಸೆಕ್ಷನ್ 89 ಇದೆ. ರಿಟರ್ನ್ ಸಲ್ಲಿಸುವ ಮೊದಲೇ ಫಾರ್ಮ್ 10ಇ ತುಂಬಿರಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ ಆದ್ದರಿಂದ ಅಂದಿನಿಂದಾಚೆಯ ಆದಾಯಕ್ಕೆ ಈ ಸೆಕ್ಷನ್ ಸಂಖ್ಯೆಗಳು ಬೇರೆ.

ಪಿಂಚಣಿದಾರ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿ ಸಂಬಳವಲ್ಲ, ಇತರ ಮೂಲಗಳ ಆದಾಯ. ಅದರ ಮೂರನೇ ಒಂದು ಪಾಲು ಅಥವಾ ಹೊಸ ಪದ್ಧತಿಯಲ್ಲಿ 25,000 ರೂಪಾಯಿ, ಹಳೆಯದರಲ್ಲಿ 15,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಕಡಿತ.