ಸಾಫ್ಟ್‌ವೇರ್ ಪರೀಕ್ಷೆಗೆ ಸ್ಕ್ರಿಪ್ಟ್‌ನ ವೇಗ: ಎಸ್‌ಕ್ಯೂಲೈಟ್ ಕಂಡುಕೊಂಡ ದಾರಿ

ಆಂಡ್ರಾಯ್ಡ್ ಮೊಬೈಲ್‌ನಲ್ಲಿ ನೀವು ಉಳಿಸಿಕೊಂಡ ಫೋನ್ ನಂಬರ್‌ಗಳು, ಎಸ್ಸೆಮ್ಮೆಸ್‌ಗಳು ಎಲ್ಲಿರುತ್ತವೆ ಗೊತ್ತೇ? ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ. ಐಫೋನ್ ಕೂಡ ಇದನ್ನೇ ಬಳಸುತ್ತದೆ. ಇದರಲ್ಲಿ ಒಂದು ತಪ್ಪು ನುಸುಳಿದರೂ ಕೋಟ್ಯಂತರ ಜನರ ಮಾಹಿತಿ ಹಾಳಾಗಬಹುದು. ಹಾಗಾಗಿ ಕೋಡ್‌ನಲ್ಲಿ ಮಾಡುವ ಪ್ರತಿ ಬದಲಾವಣೆಯನ್ನೂ ಪರೀಕ್ಷಿಸಲೇಬೇಕು.

ಸ್ಕ್ರಿಪ್ಟ್ ಏಕೆ?

ಸಾಫ್ಟ್‌ವೇರ್‌ನ ಸಣ್ಣ ಸಣ್ಣ ಭಾಗಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವುದೇ ಯೂನಿಟ್ ಟೆಸ್ಟಿಂಗ್. ಎಸ್‌ಕ್ಯೂಲೈಟ್‌ನ ಕೋಡ್ ಇರುವುದು ಸಿ ಭಾಷೆಯಲ್ಲಿ. ಪರೀಕ್ಷೆಯನ್ನೂ ಸಿ ಭಾಷೆಯಲ್ಲೇ ಬರೆದರೆ, ಅದರ ಒಂದು ಸಾಲು ತಿದ್ದಿದರೂ ಮತ್ತೆ ಕಂಪೈಲ್ ಮಾಡಬೇಕು. ಸ್ಕ್ರಿಪ್ಟ್ ಭಾಷೆಯಲ್ಲಿ ಆ ತಾಪತ್ರಯವಿಲ್ಲ. ಫೈಲ್ ತಿದ್ದಿ, ಸೇವ್ ಮಾಡಿ, ಓಡಿಸಿದರಾಯಿತು. ಮೂಲ ಕೋಡ್ ಬದಲಾದಾಗ ಮಾತ್ರ ಕಂಪೈಲ್ ಮಾಡಿದರೆ ಸಾಕು.

ಅಮೆರಿಕದ ಡಿ. ರಿಚರ್ಡ್ ಹಿಪ್ 2000ದಲ್ಲಿ ಎಸ್‌ಕ್ಯೂಲೈಟ್ ರೂಪಿಸಿದಾಗ ಅದು ಟಿಕಲ್ ಎಂಬ ಸ್ಕ್ರಿಪ್ಟ್ ಭಾಷೆಯ ಜೊತೆಗೇ ಬೆಳೆಯಿತು. ಟಿಕಲ್ ಅನ್ನು 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ ಸೃಷ್ಟಿಸಿದ್ದರು. ಎಸ್‌ಕ್ಯೂಲೈಟ್‌ನ ಅತಿ ಹಳೆಯ ಪರೀಕ್ಷೆಗಳು ಇರುವುದು ಈ ಭಾಷೆಯಲ್ಲೇ. ಮೊಬೈಲ್ ಸೇರುವುದು ಸಿ ಕೋಡ್ ಮಾತ್ರ. ಸ್ಕ್ರಿಪ್ಟ್ ತಂತ್ರಜ್ಞರ ಬಳಿಯೇ ಉಳಿಯುತ್ತದೆ.

ಕೆಲಸ ಮಾಡುವ ಬಗೆ

ಒಂದು ಪರೀಕ್ಷೆಯಲ್ಲಿ ಮೂರು ಭಾಗಗಳಿರುತ್ತವೆ: ಹೆಸರು, ಮಾಡಬೇಕಾದ ಕೆಲಸ, ಬರಬೇಕಾದ ಉತ್ತರ. ಬಂದ ಉತ್ತರ ಬೇರೆಯಾದರೆ ಪರೀಕ್ಷೆ ಫೇಲ್.

ಸ್ಕ್ರಿಪ್ಟ್‌ನ ನಿಜವಾದ ಬಲ ಇರುವುದು ಲೂಪ್‌ನಲ್ಲಿ. ಉದಾಹರಣೆಗೆ, ಫೋನಿನಲ್ಲಿ ಮೆಮೊರಿ ಸಾಲದೆ ಹೋದರೆ ಏನಾದೀತು? ಮೊದಲ ಸಲ ಮೆಮೊರಿ ಕೇಳಿದಾಗಲೇ ಬೇಕೆಂದೇ ಇಲ್ಲವೆನ್ನಿಸಲಾಗುತ್ತದೆ. ಮುಂದಿನ ಸುತ್ತಿನಲ್ಲಿ ಎರಡನೇ ಸಲ, ನಂತರ ಮೂರನೇ ಸಲ. ಕೆಲಸ ಪೂರ್ತಿ ಮುಗಿಯುವ ತನಕ ಹೀಗೇ ಸಾಗುತ್ತದೆ. ಪ್ರತಿ ಸುತ್ತಿನಲ್ಲೂ ಡೇಟಾ ಕೆಡದೆ ಉಳಿದಿದೆಯೇ ಎಂದು ನೋಡಲಾಗುತ್ತದೆ. ಕೆಲವೇ ಸಾಲುಗಳಲ್ಲಿ ನೂರಾರು ಪರೀಕ್ಷೆ!

ದಿನಕ್ಕೊಂದು, ಬಿಡುಗಡೆಗೊಂದು

ಪೂರ್ತಿ ಓಡಿಸಿದರೆ ಟಿಕಲ್ ಪರೀಕ್ಷೆಗಳ ಸಂಖ್ಯೆ ಲಕ್ಷಗಳನ್ನು ದಾಟುತ್ತದೆ. ಪ್ರತಿ ತಿದ್ದುಪಡಿಗೂ ಅಷ್ಟು ಹೊತ್ತು ಕಾಯಲಾಗದು. ಅದಕ್ಕೇ 'ವೆರಿ ಕ್ವಿಕ್' ಎಂಬ ಆಯ್ದ ಗುಂಪಿದೆ. ಮೆಮೊರಿ ಕೊರತೆಯಂಥ ಉದ್ದನೆಯ ಪರೀಕ್ಷೆಗಳನ್ನು ಬಿಟ್ಟಿರುವ ಈ ಗುಂಪು ನಿಮಿಷಗಳಲ್ಲಿ ಮುಗಿಯುತ್ತದೆ. ಹೊಸ ಕೋಡ್ ಸೇರಿಸುವ ಮುನ್ನ ಸಾಮಾನ್ಯವಾಗಿ ಇದನ್ನು ಓಡಿಸುತ್ತಾರೆ. ಬಿಡುಗಡೆಗೆ ಮೊದಲು ಎಲ್ಲವೂ ಓಡಲೇಬೇಕು.

ಮಿತಿಯೂ ಇದೆ

ಟಿಕಲ್ ಓಡಲಾರದ ಪುಟ್ಟ ಸಾಧನಗಳಿಗಾಗಿ ಸಿ ಭಾಷೆಯಲ್ಲೇ ಬರೆದ ಟಿಎಚ್3 ಎಂಬ ಬೇರೆ ಪರೀಕ್ಷೆಗಳಿವೆ. ಅಲ್ಲದೆ 'ಬರಬೇಕಾದ ಉತ್ತರ'ವನ್ನೇ ತಪ್ಪಾಗಿ ಬರೆದರೆ ಯಾವ ಸ್ಕ್ರಿಪ್ಟೂ ಕಾಪಾಡದು. ಸ್ಕ್ರಿಪ್ಟ್ ಉಳಿಸುವುದು ಸಮಯವನ್ನು. ಏನನ್ನು ಪರೀಕ್ಷಿಸಬೇಕೆಂದು ಯೋಚಿಸುವ ಹೊಣೆ ಮಾತ್ರ ತಂತ್ರಜ್ಞರದ್ದೇ.